ಕಿಟ್ಟನ ವಿಂಡೋ

"ಹರ್ಷಿಣಿ, ನಿಯಾಝನ ಬೋಟು ದಕ್ಕೆಯಲ್ಲಿ ಕಟ್ಟಿ ಉಂಟು. ಅವನು ನನ್ನ ಎದುರು ನಿಂತು ಚಾ ಕುಡಿಯುತ್ತಿದ್ದಾನೆ. ನಿನ್ನ ಮ್ಯಾಪಿನಲ್ಲಿ ಮಾತ್ರ ಅವನ ಬೋಟು ಇನ್ನೂ ಕಡಲಲ್ಲೇ ಉಂಟು. ಇದೆಂತ ಮಾರಾಯ್ತಿ?"

ಫೋನಿನಲ್ಲಿ ಪ್ರವೀಣಣ್ಣ. ಬಂದರಿನ ಬೋಟು ಮಾಲಕರ ಸಂಘದಲ್ಲಿ ವಯರ್‌ಲೆಸ್ ನೋಡಿಕೊಳ್ಳುವವನು. ಇನ್ನಂಜೆಯ ಗದ್ದೆ ಮನೆಯವನು, ಬೋಟು ಹತ್ತಿದರೆ ವಾಂತಿ ಮಾಡಿಕೊಳ್ಳುತ್ತಾನೆ. ಆದರೆ ಕಡಲಿನಲ್ಲಿರುವ ಎಲ್ಲರ ದನಿಯೂ ಅವನಿಗೆ ಗುರುತು. ಹಿಂದಿನಿಂದ ನಿಯಾಝ್ ನಗುವುದು ಕೇಳಿಸಿತು. ಹರ್ಷಿಣಿಗೂ ನಗು ಬಂತು, ಬಂದ ಹಾಗೆಯೇ ಅರ್ಧದಲ್ಲಿ ನಿಂತಿತು.

"ಉಳಿದ ಬೋಟುಗಳು?"

"ಎಲ್ಲ ಬೆಳಿಗ್ಗೆ ಇದ್ದಲ್ಲೇ ಉಂಟು. ಒಂದೂ ಅಲ್ಲಾಡಿಲ್ಲ."

"ಅಣ್ಣನದ್ದು?"

ಪ್ರವೀಣಣ್ಣ ದನಿ ಇಳಿಸಿ ಹೇಳಿದ: "ಕಿಟ್ಟನದ್ದು ಕಾಪು ದೀಪಸ್ತಂಭದ ನೇರಕ್ಕೆ, ಹತ್ತಿರದಲ್ಲೇ ತೋರಿಸುತ್ತಾ ಉಂಟು. ಅದನ್ನು ನೋಡಿಯೇ ನಾವು ಸುಮ್ಮನೆ ಕೂತದ್ದು. ವಯರ್‌ಲೆಸ್‌ಗೆ ಬೆಳಿಗ್ಗೆಯಿಂದ ಉತ್ತರ ಇಲ್ಲ. ನಿನ್ನ ಅತ್ತಿಗೆ ನಳಿನಾಕ್ಷಿ ಇಲ್ಲೇ ಕೂತಿದ್ದಾಳೆ."

ಅಷ್ಟು ಹೊತ್ತು ಅವರೆಲ್ಲ ನಂಬಿಕೊಂಡು ಕೂತದ್ದು ಸತ್ತ ನಕ್ಷೆಯನ್ನು. ಹವಾಮಾನದವರು ನಿನ್ನೆಯೇ ಎಚ್ಚರಿಸಿದ್ದರು. ಸಂಘದ ಬೋಟುಗಳೆಲ್ಲ ಮಧ್ಯಾಹ್ನದ ಒಳಗೆ ದಕ್ಕೆ ಸೇರಿದ್ದವು. ಅಣ್ಣ ತಾಂಡೇಲನಾಗಿ ನಡೆಸುತ್ತಿದ್ದ 'ಜಲಸಿರಿ' ಒಂದೇ ಹೊರಗೆ. ಕಡಲು ಕಪ್ಪಾಗುತ್ತಿದೆ ಎಂದು ಮಣಿಪಾಲದ ಅವಳ ಕಚೇರಿಯ ಐದನೆಯ ಮಾಳಿಗೆಯ ಗಾಜಿನಿಂದಲೇ ಗೊತ್ತಾಗುತ್ತಿತ್ತು.

ಹರ್ಷಿಣಿಯ ಕೆಲಸ ಕಂಪ್ಯೂಟರುಗಳನ್ನು ಆರೋಗ್ಯವಾಗಿಡುವುದು. ಸಂಬಳಕ್ಕೆ ಮಣಿಪಾಲದ ಕಂಪೆನಿಯದ್ದು, ಮನೆಯ ಋಣಕ್ಕೆ ಸಂಘದ್ದು. ಬೋಟುಗಳ ಟ್ರ್ಯಾಕರ್ ಕಳುಹಿಸುವ ಸಂದೇಶಗಳನ್ನು ಹಿಡಿದು ಡಿಸ್ಕಿಗೆ ಬರೆಯುವ, ಅಲ್ಲಿಂದ ನಕ್ಷೆಗೆ ಏರಿಸುವ ವ್ಯವಸ್ಥೆಯನ್ನು ಕಟ್ಟಿಕೊಟ್ಟವಳು ಅವಳೇ. ಹಾಗಾಗಿ ಮಾಡಿದ ಪುಣ್ಯವೂ ಪಾಪವೂ ಬೇರೆಯವರ ತಲೆಗೆ ಹೋಗುವ ಹಾಗಿಲ್ಲ.

ಕೂತಲ್ಲಿಂದಲೇ ಬಂದರಿನ ಕಂಪ್ಯೂಟರಿನ ಒಳಹೊಕ್ಕು ನೋಡಿದಳು. ರೋಗ ಕೂಡಲೇ ಸಿಕ್ಕಿತು. ಮುಂಜಾನೆ ಡಿಸ್ಕಿನಲ್ಲಿ ಎಂಥದ್ದೋ ದೋಷ ಕಂಡು, ಇನ್ನಷ್ಟು ಹಾಳಾಗದಿರಲಿ ಎಂದು ಯಂತ್ರ ತಾನಾಗಿಯೇ ಬರವಣಿಗೆಗೆ ಬಾಗಿಲು ಹಾಕಿಕೊಂಡಿತ್ತು. ಓದಬಹುದು, ಬರೆಯುವ ಹಾಗಿಲ್ಲ. ಬಂದ ಸಂದೇಶಗಳೆಲ್ಲ ಮೆಮೊರಿಯಲ್ಲಿ ರಾಶಿ ಬಿದ್ದುಕೊಂಡು ಡಿಸ್ಕು ಯಾವಾಗ ತೆರೆದೀತು ಎಂದು ಕಾಯುತ್ತಿದ್ದವು. ಮದ್ದೂ ಗೊತ್ತಿದ್ದದ್ದೇ. ಡಿಸ್ಕನ್ನು ಅನ್‌ಮೌಂಟ್ ಮಾಡಿ ಕಂಪ್ಯೂಟರಿನಿಂದ ಬಿಡಿಸಬೇಕು, ದುರಸ್ತಿ ಮಾಡಬೇಕು, ಮತ್ತೆ ಮೌಂಟ್ ಮಾಡಿ ಜೋಡಿಸಬೇಕು. ಊಟ ಮಾಡಿ ಕೈ ತೊಳೆದಷ್ಟು ಹೊತ್ತಿನ ಕೆಲಸ.

ಅನ್‌ಮೌಂಟ್ ಎಂದಳು. ಆಗುವುದಿಲ್ಲ, ಡಿಸ್ಕು ಬ್ಯುಸಿ ಎಂದಿತು ಯಂತ್ರ.

ಹತ್ತಿದವರೆಲ್ಲ ಇಳಿಯುವ ಮೊದಲು ದೋಣಿಯ ಹಗ್ಗ ಬಿಚ್ಚುವ ಹಾಗಿಲ್ಲ. ಡಿಸ್ಕಿಗೂ ಅದೇ ನೀತಿ. ಅದರೊಳಗಿನ ಒಂದು ಫೈಲನ್ನು ಯಾರಾದರೂ ತೆರೆದು ಹಿಡಿದಿದ್ದರೂ ಅದು ಕದಲುವುದಿಲ್ಲ. ಹರ್ಷಿಣಿ ಫೋನೆತ್ತಿದಳು.

"ಪ್ರವೀಣಣ್ಣ, ನಿಮ್ಮ ಮೇಜಿನ ಕಂಪ್ಯೂಟರಿನಲ್ಲಿ ಬೋಟುಗಳ ದಾರಿ ತೋರಿಸುವ ವಿಂಡೋ ಎಲ್ಲ ಮುಚ್ಚಿದ್ದೀರಾ?"

"ಹ್ಞಾಂ, ಮುಚ್ಚಿ ಆಗಿದೆ."

"ಎಲ್ಲ?"

"ಎಲ್ಲ ಅಂದರೆ ಎಲ್ಲ."

ಹಾಗಾದರೆ ಹಿಡಿದಿರುವುದು ಯಾವುದೋ ಭೂತ, ನಿಜವಾಗಿ ಯಾರೂ ಇಲ್ಲ ಎಂದುಕೊಂಡಳು. ಯಾರು ಹಿಡಿದಿದ್ದಾರೆ ಎಂದು ಮೊದಲು ಹುಡುಕಬೇಕು. ಹೊಸಬರಿಗೆ ಅವಳೇ ಪಾಠ ಹೇಳುವಾಗ ಮೇಜು ಕುಟ್ಟಿ ಹೇಳುವ ಮಾತು ಅದು. ಆದರೆ ಹೇಳುವುದು ಆಚಾರ, ಅವಸರ ಬಂದರೆ ಬೇರೆಯದೇ ವಿಚಾರ. ಯಾರು ಹಿಡಿದಿದ್ದರೂ ಲೆಕ್ಕಿಸದೆ ಡಿಸ್ಕನ್ನು ಎಳೆದು ಬಿಡಿಸುವ ಇನ್ನೊಂದು ಆಜ್ಞೆ ಉಂಟು. ಅದನ್ನು ಕೊಟ್ಟುಬಿಟ್ಟಳು. ಡಿಸ್ಕು ಕಣ್ಣಿಗೆ ಕಾಣದಾಯಿತು. ಬಿಡಿಸಿಕೊಂಡಿತು ಎಂದು ಉಸಿರು ಬಿಟ್ಟು ದುರಸ್ತಿಗೆ ಹೊರಟರೆ, ಡಿಸ್ಕು ಬಳಕೆಯಲ್ಲಿದೆ, ಮುಟ್ಟಲಾರೆ ಎಂದಿತು. ಸರಿ, ಮೊದಲಿನಂತೆ ಜೋಡಿಸು ಎಂದರೆ, ಮೊದಲೇ ಜೋಡಿಸಿ ಆಗಿದೆ, ಬರೆಯಲು ಬಿಡಲಾರೆ ಎಂದಿತು. ಹೊರಗೂ ಇಲ್ಲ, ಒಳಗೂ ಇಲ್ಲ. ತ್ರಿಶಂಕುವಿನ ಸ್ಥಿತಿ, ಅದೂ ತನ್ನ ಕೈಯಾರೆ ಮಾಡಿದ್ದು.

ಮೇಲಿನವರಿಗೆ ತಲೆನೋವು ಎಂದಳು, ಸುಳ್ಳೇನೂ ಅಲ್ಲ. ಸ್ಕೂಟರ್ ಹತ್ತಿದಳು. ಮಣಿಪಾಲದ ಇಳಿಜಾರು ಇಳಿದು, ಉಡುಪಿಯ ವಾಹನಗಳ ಸಂದಿಯಲ್ಲಿ ನುಗ್ಗಿ, ಹೆದ್ದಾರಿ ದಾಟುವಲ್ಲಿ ಒಬ್ಬ ಲಾರಿಯವನಿಂದ ಬೈಸಿಕೊಂಡು ಬಂದರಿಗೆ ಬಂದಳು. ಗಾಳಿ ಬೀಸುತ್ತಿತ್ತು. ದಕ್ಕೆಯಲ್ಲಿ ಒಂದಕ್ಕೊಂದು ತಾಗಿಕೊಂಡ ಬೋಟುಗಳು ಕಿರುಗುಟ್ಟುತ್ತಿದ್ದವು. ಅಷ್ಟು ಬೋಟುಗಳ ನಡುವೆ ಅವಳ ಕಣ್ಣು ಜಲಸಿರಿಯನ್ನು ಹುಡುಕಿತು, ಇಲ್ಲ ಎಂದು ಗೊತ್ತಿದ್ದೂ.

ಕಚೇರಿಯ ಬೆಂಚಿನ ಮೇಲೆ ಅತ್ತಿಗೆ ನಳಿನಾಕ್ಷಿ ಕೂತಿದ್ದಳು. ಕಾರ್ಕಳದವಳು, ಕಲ್ಲು ಕಡಿಯುವವರ ಮಗಳು. ಕಡಲನ್ನು ಮೊದಲು ಸರಿಯಾಗಿ ನೋಡಿದ್ದೇ ಮದುವೆಯ ಮರುದಿನ. ಅದಕ್ಕೇ ಏನೋ, ಕಡಲಿನ ಮನೆಯವರು ಸಡಿಲ ಬಿಟ್ಟ ಕಟ್ಟುಪಾಡುಗಳನ್ನೆಲ್ಲ ಅವಳು ಬಿಗಿಯಾಗಿ ಹಿಡಿದುಕೊಂಡಿದ್ದಳು. ಗಂಡ ಕಡಲಿಗೆ ಹೋದ ದಿನ ಅಂಗಳ ಗುಡಿಸುವುದಿಲ್ಲ. ಹೋಗಿದ್ದಾರೆ ಎನ್ನುವುದಿಲ್ಲ, ಬರುತ್ತಾರೆ ಎನ್ನುತ್ತಾಳೆ. ಹರ್ಷಿಣಿಯನ್ನು ಕಂಡು ಪಕ್ಕಕ್ಕೆ ಸರಿದು ದಾರಿ ಕೊಟ್ಟಳು.

ಒಳಗೆ ಸಂಘದ ಕಾರ್ಯದರ್ಶಿ ಬೆಂಜಮಿನ್ ಕಂಪ್ಯೂಟರಿನ ಪಕ್ಕ ಬಗ್ಗಿದ್ದರು. ಕೈ ಸ್ವಿಚ್ಚಿನ ಹತ್ತಿರ ಇತ್ತು.

"ಬೆಂಜಮಿನಣ್ಣಾ, ಮುಟ್ಟಬೇಡಿ!"

ಅವರು ಬೆಚ್ಚಿ ಕೈ ತೆಗೆದರು. "ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಸರಿಯಾಗುತ್ತದೆ ಅಲ್ವಾ? ನಮ್ಮ ಮನೆಯ ಟಿವಿ ಹಾಗೆಯೇ..."

"ಆಫ್ ಮಾಡಿದರೆ ಬೆಳಿಗ್ಗೆಯಿಂದ ಬಂದ ಸಂದೇಶ ಎಲ್ಲ ಹೋಗುತ್ತದೆ. ಅಣ್ಣನ ಬೋಟು ಕೊನೆಗೆ ಎಲ್ಲಿತ್ತು ಅಂತ ಅದರಲ್ಲಿ ಮಾತ್ರ ಉಂಟು."

ಬೆಂಜಮಿನ್ ಎರಡು ಹೆಜ್ಜೆ ಹಿಂದೆ ಸರಿದು, ಮತ್ತೆ ಯಾರೂ ಮುಟ್ಟದಂತೆ ಸ್ವಿಚ್ಚಿಗೆ ಅಡ್ಡ ನಿಂತರು.

ಬಾಗಿಲಲ್ಲಿ ನಿಯಾಝ್ ಕಾಯುತ್ತಿದ್ದ. ಅವನ ಮುಖದಲ್ಲಿ ಈಗ ನಗು ಇರಲಿಲ್ಲ. "ಡೀಸೆಲ್ ಉಂಟು, ನನ್ನ ಹುಡುಗರು ಬೋಟಿನಲ್ಲೇ ಇದ್ದಾರೆ. ಎಲ್ಲಿಗೆ ಅಂತ ಹೇಳಿ, ಹೋಗುತ್ತೇನೆ. ಆದರೆ ಬೆಳಕಿರುವಾಗ ಹೇಳಬೇಕು ತಂಗಿ. ಕತ್ತಲಾದ ಮೇಲೆ ಈ ಗಾಳಿಯಲ್ಲಿ ಎಲ್ಲಿ ಅಂತ ಹುಡುಕುವುದು? ಕೋಸ್ಟ್ ಗಾರ್ಡಿನವರೂ ಜಾಗ ಎಲ್ಲಿ ಅಂತಲೇ ಕೇಳಿದ್ದು."

ಹರ್ಷಿಣಿ ಕೂತಳು. ಮೊದಲು ಅಣ್ಣನ ಟ್ರ್ಯಾಕರಿನಿಂದ ಹೊಸದೇನಾದರೂ ಬರುತ್ತಿದೆಯೇ ಎಂದು ನೋಡಿದಳು. ಬಂದರೆ ದಾರಿಯಲ್ಲೇ ಹಿಡಿದು ಓದಬಹುದಿತ್ತು. ಬರುತ್ತಿರಲಿಲ್ಲ. ಟ್ರ್ಯಾಕರ್ ಮಾತು ನಿಲ್ಲಿಸಿತ್ತು. ಅದನ್ನು ಯಾರಿಗೂ ಹೇಳದೆ ನುಂಗಿಕೊಂಡಳು. ಮೆಮೊರಿಯ ರಾಶಿಯನ್ನು ಬೇರೊಂದು ಜಾಗಕ್ಕೆ ಸುರಿಯೋಣವೆಂದರೆ ಅದೂ ಆಗದು. ಇದೇ ಡಿಸ್ಕಿನ ಗುರುತು ಕಂಡರೆ ಮಾತ್ರ ಬರೆ, ಇಲ್ಲದಿದ್ದರೆ ಕಾಯುತ್ತಿರು ಎಂದು ಪ್ರೋಗ್ರಾಮಿಗೆ ಬುದ್ಧಿ ಹೇಳಿಟ್ಟವಳು ತಾನೇ. ತನ್ನ ಜಾಣತನದ ಬಗ್ಗೆ ಅವಳಿಗೆ ಅವತ್ತು ಹುಟ್ಟಿದ ಸಿಟ್ಟು ಸಣ್ಣದಲ್ಲ.

ಡಿಸ್ಕನ್ನು ಯಾರು ಹಿಡಿದಿದ್ದಾರೆ ಎಂದು ಕೇಳಿದರೆ ಯಂತ್ರ ಯಾರೂ ಇಲ್ಲ ಎನ್ನುತ್ತಿತ್ತು. ಬಲವಂತವಾಗಿ ಬಿಡಿಸಿದ ಮೇಲೆ ಆ ಪ್ರಶ್ನೆಗೆ ಉತ್ತರ ಬರುವುದಿಲ್ಲ. ಉಳಿದದ್ದು ಒಂದೇ ದಾರಿ. ಆ ಕಂಪ್ಯೂಟರಿನಲ್ಲಿ ಉಸಿರಾಡುತ್ತಿರುವ ಪ್ರತಿ ಪ್ರೋಗ್ರಾಮೂ ಏನೇನು ತೆರೆದುಕೊಂಡಿದೆ ಎಂದು ಸಾಲು ಸಾಲಾಗಿ ಓದುತ್ತಾ ಹೋಗುವುದು. ಅಕ್ಕಿಯಲ್ಲಿ ಕಲ್ಲು ಆರಿಸುವ ಕೆಲಸ. ಹೊರಗೆ ಬೆಳಕು ಹಳದಿಗೆ ತಿರುಗುತ್ತಿತ್ತು. ಕಣ್ಣು ಎರಡು ಸಲ ಅದನ್ನು ದಾಟಿಹೋಗಿ ಮೂರನೆಯ ಸಲ ನಿಂತಿತು.

ಬೋಟಿನ ದಾರಿ ತೋರಿಸುವ ವಿಂಡೋ ಒಂದು. ಅದು ಹಿಡಿದಿರುವ ಫೈಲಿನ ಹೆಸರು, ಜಲಸಿರಿ.

"ಪ್ರವೀಣಣ್ಣ." ಅವಳು ಕುರ್ಚಿಯಲ್ಲೇ ತಿರುಗಿದಳು. "ಎಲ್ಲ ಮುಚ್ಚಿದೆ ಅಂದಿರಲ್ಲ. ಅಣ್ಣನದ್ದು ತೆರೆದೇ ಉಂಟು."

ಪ್ರವೀಣಣ್ಣ ಬಾಗಿಲಾಚೆಯ ಬೆಂಚಿನ ಕಡೆ ನೋಡಿ, ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಪಿಸುಗುಟ್ಟಿದ. "ಮುಚ್ಚುವಂಥದ್ದೆಲ್ಲ ಮುಚ್ಚಿ ಆಗಿದೆ. ಅದನ್ನು ನಾನು ಹೇಗೆ ಮುಚ್ಚುವುದು? ಕಿಟ್ಟ ಬರಲಿಲ್ಲವಲ್ಲ. ಚಿಕ್ಕದು ಮಾಡಿ ಪರದೆಯ ತಳಕ್ಕೆ ಸರಿಸಿ ಇಟ್ಟದ್ದು, ಯಾರ ಕಣ್ಣಿಗೂ ಬೀಳದ ಹಾಗೆ. ನೀನು ಫೋನು ಮಾಡಿದಾಗ ಇವಳು ಪಕ್ಕದಲ್ಲೇ ಇದ್ದಳು. ಅವನದ್ದು ಇನ್ನೂ ಮುಚ್ಚಿಲ್ಲ ಅಂತ ಅವಳ ಎದುರು ಹೇಗೆ ಬಾಯಿ ಬಿಡುವುದು, ನೀನೇ ಹೇಳು."

ಹೊರಗಿನವರಿಗೆ ಇದು ಹುಚ್ಚು ಅನ್ನಿಸೀತು. ಮೊದಲು ಈ ಕಚೇರಿಯಲ್ಲಿ ಒಂದು ಕಪ್ಪು ಹಲಗೆ ಇತ್ತು. ಕಡಲಿಗೆ ಇಳಿಯುವ ಬೋಟಿನ ಹೆಸರನ್ನು ಅದರಲ್ಲಿ ಸೀಮೆಸುಣ್ಣದಿಂದ ಬರೆಯುತ್ತಿದ್ದರು. ವಾಪಸು ಬಂದ ತಾಂಡೇಲ ದಕ್ಕೆಗೆ ಹಗ್ಗ ಕಟ್ಟಿ, ನೇರ ಇಲ್ಲಿಗೆ ಬಂದು, ತನ್ನ ಕೈಯಾರೆ ಹೆಸರನ್ನು ಒರೆಸಬೇಕು. ಬೇರೆಯವರ ಕೈ ಅದಕ್ಕೆ ತಾಗಕೂಡದು, ಗೋಡೆಗೆ ಸುಣ್ಣ ಹೊಡೆಯುವಾಗಲೂ ಹಲಗೆಗೆ ಬಟ್ಟೆ ಮುಚ್ಚಿ ಹೊಡೆದದ್ದುಂಟು. ಹಲಗೆ ಹೋಗಿ ಕಂಪ್ಯೂಟರ್ ಬಂತು, ಕಟ್ಟುಪಾಡು ಮಾತ್ರ ಹಲಗೆಯ ಜೊತೆ ಹೋಗಲಿಲ್ಲ. ಬೋಟು ಹೊರಟಾಗ ಪ್ರವೀಣಣ್ಣ ಅದರ ವಿಂಡೋ ತೆರೆಯುತ್ತಾನೆ. ತಾಂಡೇಲ ಬಂದು ಮೌಸು ಹಿಡಿದು ಮುಚ್ಚುತ್ತಾನೆ. ಮೀನು ವಾಸನೆಯ ಕೈಗಳಿಂದ ಸಂಘದ ಮೌಸು ತಿಂಗಳಿಗೊಂದು ಹಾಳಾಗುತ್ತಿತ್ತು. ಹರ್ಷಿಣಿ ಇದನ್ನೆಲ್ಲ ತಮಾಷೆ ಮಾಡಿದ್ದಳು, ಹೊಸ ಮೌಸು ತಂದೂ ಕೊಟ್ಟಿದ್ದಳು. ಇದೇ ವಿಂಡೋ ಒಂದು ದಿನ ಡಿಸ್ಕನ್ನು ಹೀಗೆ ಹಿಡಿದುಕೊಂಡೀತು ಎಂದು ಅವಳಿಗೆ ಹೊಳೆದಿರಲಿಲ್ಲ.

ಕೂತಲ್ಲಿಂದಲೇ ಅದನ್ನು ನಿಲ್ಲಿಸಬಹುದಿತ್ತು. ಯಾರನ್ನೂ ಕೇಳಬೇಕಾಗಿರಲಿಲ್ಲ. ಆಜ್ಞೆಯನ್ನು ಬರೆದಳು, ವಿಂಡೋದ ಸಂಖ್ಯೆ ಬರೆದಳು. ಒತ್ತುವುದೊಂದು ಬಾಕಿ. ಬೆರಳು ಏಳಲಿಲ್ಲ. ಇಂಥವನ್ನೆಲ್ಲ ನಂಬುವವಳಲ್ಲ ತಾನು, ಹುಣ್ಣಿಮೆ ಅಮಾವಾಸ್ಯೆ ನೋಡುವವಳಲ್ಲ. ಆದರೂ ಆ ಸಾಲಿನಲ್ಲಿ ಅಣ್ಣನ ಬೋಟಿನ ಹೆಸರು ಇತ್ತು. ಚಿಕ್ಕಂದಿನಲ್ಲಿ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕಾಪುವಿನ ಬಂಡೆಯ ಮೇಲೆ ಓಡಿದ ಅಣ್ಣ. ತಾನು ಒತ್ತಿ, ಆಮೇಲೆ ಅವನು ಬಾರದೇ ಹೋದರೆ? ಬುದ್ಧಿಯ ಮಾತು ಆ ಹೆದರಿಕೆಗೆ ತಾಗುತ್ತಲೇ ಇರಲಿಲ್ಲ.

"ಎಂತ ಆಯಿತು?" ನಳಿನಾಕ್ಷಿ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

ಹರ್ಷಿಣಿ ಸುಳ್ಳು ಹೇಳಲಿಲ್ಲ. "ಅತ್ತಿಗೆ, ಡಿಸ್ಕು ಸಿಕ್ಕಿಹಾಕಿಕೊಂಡಿದೆ. ನಾನು ಅವಸರದಲ್ಲಿ ಎಳೆದು ಇನ್ನಷ್ಟು ಬಿಗಿ ಮಾಡಿದೆ. ಅಣ್ಣ ಎಲ್ಲಿದ್ದಾನೆ ಅಂತ ನೋಡಬೇಕಾದರೆ ಡಿಸ್ಕನ್ನು ಬಿಡಿಸಬೇಕು. ಅಣ್ಣನ ವಿಂಡೋ ತೆರೆದಿರುವಷ್ಟು ಹೊತ್ತು ಅದು ಬಿಡುವುದಿಲ್ಲ."

"ಅವರದ್ದನ್ನು ಮುಚ್ಚಬೇಕಾ?"

"ಮುಚ್ಚಬೇಕು."

"ಬೇಡ," ಎಂದಳು ನಳಿನಾಕ್ಷಿ. ಒಂದೇ ಮಾತು. ಬೆಂಜಮಿನ್ ಕೆಮ್ಮಿದರು. ಪ್ರವೀಣಣ್ಣ ಏನನ್ನೋ ಹುಡುಕುವವನಂತೆ ಮೇಜಿನ ಡ್ರಾಯರ್ ಎಳೆದು ಮತ್ತೆ ದೂಡಿದ. ನಿಯಾಝ್ ಒಮ್ಮೆ ಆಕಾಶ ನೋಡಿದ, ಒಮ್ಮೆ ಹರ್ಷಿಣಿಯನ್ನು.

"ಅಕ್ಕ, ಹೊತ್ತು ಹೋಗುತ್ತಾ ಉಂಟು," ಎಂದ ಮೆಲ್ಲಗೆ.

ನಳಿನಾಕ್ಷಿ ಅವನ ಕಡೆ ನೋಡಲಿಲ್ಲ. "ಮುಚ್ಚಿದರೆ ಮತ್ತೆ ಎಲ್ಲ ಬರುತ್ತದಾ ಹರ್ಷಿಣಿ? ಖಂಡಿತ ಬರುತ್ತದಾ?"

ಬರುತ್ತದೆ ಎಂದು ಹೇಳಿಬಿಡಬಹುದಿತ್ತು. "ಹೇಳಲಿಕ್ಕಾಗುವುದಿಲ್ಲ ಅತ್ತಿಗೆ. ಡಿಸ್ಕಿನಲ್ಲಿ ದೋಷ ಉಂಟು. ದುರಸ್ತಿ ಆಗಬಹುದು, ಆಗದೆಯೂ ಇರಬಹುದು. ಮುಚ್ಚದಿದ್ದರೆ ಮಾತ್ರ ಏನೂ ಗೊತ್ತಾಗುವುದಿಲ್ಲ, ಅದು ಖಂಡಿತ."

ನಳಿನಾಕ್ಷಿ ಸೆರಗಿನಿಂದ ಕೈ ಒರೆಸಿಕೊಂಡಳು. ಕೈ ಒದ್ದೆಯಾಗಿರಲಿಲ್ಲ. ಒಳಗೆ ಬಂದು ಮೇಜಿನ ಹತ್ತಿರ ನಿಂತಳು. "ಎಲ್ಲಿ ಒತ್ತುವುದು, ತೋರಿಸು."

"ಅತ್ತಿಗೆ, ನಾನೇ..."

"ನೀನು ಬೇಡ. ನಾಳೆ ಏನಾದರೂ ಆದರೆ ಬಾಳಿಡೀ ನಿನ್ನ ಮುಖ ನೋಡುವಾಗಲೆಲ್ಲ ನನಗೆ ಇದೇ ನೆನಪಾಗಬಾರದು. ನನ್ನ ಕೈ ಆದರೆ ನನ್ನ ಕರ್ಮ. ತೋರಿಸು."

ಪ್ರವೀಣಣ್ಣ ಪರದೆಯ ತಳದಿಂದ ವಿಂಡೋವನ್ನು ಎದುರಿಗೆ ತಂದ. ನೀಲಿಯ ನಡುವೆ ಒಂದು ಗೆರೆ, ಅದರ ತುದಿಯಲ್ಲಿ ಅಲ್ಲಾಡದ ಚುಕ್ಕಿ. ಮೂಲೆಯಲ್ಲಿ ಮುಚ್ಚುವ ಇಂಟು ಗುರುತು. ನಳಿನಾಕ್ಷಿ ಮೌಸು ಹಿಡಿದವಳಲ್ಲ. ಬಾಣದ ಗುರುತು ತೆರೆಯ ಮೇಲೆ ಅತ್ತಿತ್ತ ಓಡಿತು, ಎರಡು ಸಲ ತಪ್ಪಿತು. ಹರ್ಷಿಣಿ ಸಹಾಯಕ್ಕೆ ಕೈ ಚಾಚಿದಾಗ ಅವಳ ಕೈಯನ್ನು ದೂರ ಸರಿಸಿದಳು. ಮೂರನೆಯ ಸಲ ಗುರಿ ಸಿಕ್ಕಿತು. ಒತ್ತಿದಳು. ಜಲಸಿರಿ ತೆರೆಯಿಂದ ಮಾಯವಾಯಿತು. ನಳಿನಾಕ್ಷಿ ತಿರುಗಿ ಹೋಗಿ ಬೆಂಚಿನಲ್ಲಿ ಕೂತಳು.

ಹರ್ಷಿಣಿ ದುರಸ್ತಿಯ ಆಜ್ಞೆ ಕೊಟ್ಟಳು. ಈ ಸಲ ಯಂತ್ರ ತಕರಾರು ಮಾಡಲಿಲ್ಲ. ಡಿಸ್ಕಿನ ಒಳಗೆಲ್ಲ ತಡಕಾಡಿ, ಇಲ್ಲಿ ಲೆಕ್ಕ ತಪ್ಪಿದೆ, ಸರಿಪಡಿಸಲೇ ಎಂದು ಕೇಳತೊಡಗಿತು. ಸರಿಪಡಿಸು ಎಂದಳು. ಇಲ್ಲಿ ಕೊಂಡಿ ಕಡಿದಿದೆ ಎಂದಿತು. ಜೋಡಿಸು ಎಂದಳು. ಒಂದೆಡೆ ಏನೂ ಹೇಳದೆ ಸುಮ್ಮನೆ ನಿಂತುಬಿಟ್ಟಿತು. ಹೋಯಿತು, ಎಲ್ಲ ಹೋಯಿತು, ಅತ್ತಿಗೆಯ ಕೈಯಿಂದ ಮುಚ್ಚಿಸಿ ಎಲ್ಲ ಕಳೆದುಬಿಟ್ಟೆ ಎಂದು ಹರ್ಷಿಣಿ ತುಟಿ ಕಚ್ಚಿದಳು. ಬಾಯಲ್ಲಿ ಉಪ್ಪಿನ ರುಚಿ ಬಂತು. ಬೆಂಜಮಿನ್ ಶಿಲುಬೆಯ ಗುರುತು ಮಾಡಿಕೊಂಡರು. ನಿಂತದ್ದು ಮತ್ತೆ ಹೊರಟಿತು, ಕೊನೆ ಮುಟ್ಟಿತು.

ಮೌಂಟ್ ಎಂದಳು. ಯಂತ್ರ ಮರುಮಾತಾಡಲಿಲ್ಲ. ಅದು ಮಾತಾಡದಿದ್ದರೆ ಒಪ್ಪಿಗೆ ಎಂದೇ ಅರ್ಥ. ಮೆಮೊರಿಯಲ್ಲಿ ಕಾದಿದ್ದ ಸಂದೇಶಗಳು ಡಿಸ್ಕಿನ ಗುರುತು ಕಂಡು ಒಂದರ ಹಿಂದೆ ಒಂದು ಇಳಿಯತೊಡಗಿದವು. ಗೋಡೆಯ ನಕ್ಷೆಯಲ್ಲಿ ಚುಕ್ಕಿಗಳು ಒಮ್ಮೆಲೇ ಎಚ್ಚೆತ್ತು ದಕ್ಕೆಯ ಕಡೆ ಓಡಿ ಬಂದವು. ನಿಯಾಝನ ಬೋಟೂ ಕೊನೆಗೆ ಊರು ಸೇರಿತು. ಒಂದು ಚುಕ್ಕಿ ಮಾತ್ರ ದಕ್ಕೆಯ ಕಡೆ ಬರಲಿಲ್ಲ. ಕಾಪುವಿನ ನೇರದಿಂದ ಪಡುವಣಕ್ಕೆ ಸರಿದು, ಆಮೇಲೆ ತೆಂಕಕ್ಕೆ ವಾಲಿ, ನಿಧಾನವಾಗಿ, ತೀರ ನಿಧಾನವಾಗಿ ಹೋಗಿ, ದೂರದಲ್ಲಿ ನಿಂತಿತು.

ನಿಯಾಝ್ ನಕ್ಷೆಗೆ ಮುಖ ತಾಗಿಸುವಷ್ಟು ಹತ್ತಿರ ಹೋದ. "ಇದು ಎಂಜಿನಿನ ನಡಿಗೆ ಅಲ್ಲ, ನೀರು ಎಳೆದುಕೊಂಡು ಹೋದದ್ದು. ಇಲ್ಲಿಂದ ಇಷ್ಟು ಹೊತ್ತಿಗೆ..." ಬೆರಳನ್ನು ನಕ್ಷೆಯ ಮೇಲೆ ಸ್ವಲ್ಪ ಕೆಳಗೆ ಜಾರಿಸಿದ. "ಇಲ್ಲಿ ಇರಬೇಕು. ಪ್ರವೀಣಣ್ಣ, ಕೋಸ್ಟ್ ಗಾರ್ಡಿನವರಿಗೂ ಹೇಳಿ." ಅಷ್ಟು ಹೇಳಿ ಮೆಟ್ಟಿಲು ಇಳಿದು ಓಡಿದ. ಅವನ ಬೋಟಿನ ಎಂಜಿನ್ ಸದ್ದು ಕೇಳಿಸಿದಾಗ ದಕ್ಕೆಯ ಮೇಲೆ ಇನ್ನೂ ಬೆಳಕಿತ್ತು.

ಆಮೇಲಿನ ಕಾಯುವಿಕೆಯನ್ನು ಹೇಗೆ ಹೇಳುವುದು. ಹರ್ಷಿಣಿಗೆ ಮಾಡಲು ಕೆಲಸವೇ ಉಳಿದಿರಲಿಲ್ಲ. ಡಿಸ್ಕು ಸರಿಯಾಗಿ ಓಡುತ್ತಿತ್ತು, ಅಷ್ಟು ಸರಿಯಾಗಿ ಅದು ಓಡಿದ್ದೇ ಇಲ್ಲ. ಅತ್ತಿಗೆಯ ಪಕ್ಕದಲ್ಲಿ ಬೆಂಚಿನ ತುದಿಗೆ ಕೂತಳು. ನಳಿನಾಕ್ಷಿ ಬಲಗೈಯನ್ನು ಸೆರಗಿನೊಳಗೆ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಬೆಂಜಮಿನ್ ಕೊಟ್ಟ ಚಾ ಕುಡಿಯದೆ ಕೆನೆ ಕಟ್ಟಿತು. ವಯರ್‌ಲೆಸ್ ಗರಗರ ಅನ್ನುತ್ತಿತ್ತು. ದಕ್ಕೆಯ ದೀಪಗಳು ಹತ್ತಿಕೊಂಡವು. ಆ ಗರಗರದ ನಡುವೆ ನಿಯಾಝನ ದನಿ ತುಂಡು ತುಂಡಾಗಿ ಬಂತು.

"ಸಿಕ್ಕಿದರು... ಎಲ್ಲರೂ ಇದ್ದಾರೆ... ಎಳೆದುಕೊಂಡು ಬರುತ್ತಿದ್ದೇನೆ."

ಪ್ರವೀಣಣ್ಣ ಮೈಕು ಹಿಡಿದೇ ಅತ್ತುಬಿಟ್ಟ. ಹರ್ಷಿಣಿಯೂ ಅತ್ತಳು. ನಳಿನಾಕ್ಷಿ ಅಳಲಿಲ್ಲ, "ಬರುತ್ತಾರೆ" ಎಂದಷ್ಟೇ ಹೇಳಿದಳು.

ಪ್ರೊಪೆಲ್ಲರಿಗೆ ಬಲೆ ಸುತ್ತಿ ಎಂಜಿನ್ ನಿಂತದ್ದು, ಒಳಗೆ ನೀರು ನುಗ್ಗಿ ಬ್ಯಾಟರಿ ಹೋದದ್ದು, ಹುಡುಗರು ಬಕೆಟಿನಲ್ಲಿ ನೀರು ಹೊರಚೆಲ್ಲಿದ್ದು, ಎಲ್ಲವನ್ನೂ ದಕ್ಕೆಯಲ್ಲಿ ನಿಂತವರು ಒಬ್ಬರಿಗೊಬ್ಬರು ಹೇಳಿಕೊಂಡರು. ಕಿಟ್ಟ ಯಾರ ಮಾತಿಗೂ ನಿಲ್ಲಲಿಲ್ಲ. ಒದ್ದೆ ಬಟ್ಟೆಯಲ್ಲಿ, ಅಂಗೈಗೆ ಚಿಂದಿ ಸುತ್ತಿಕೊಂಡು, ನೇರ ಕಚೇರಿಯ ಮೆಟ್ಟಿಲು ಹತ್ತಿ ಬಂದ. ಹೆಂಡತಿಯನ್ನು ನೋಡಿದ, ತಂಗಿಯನ್ನು ನೋಡಿದ. ಆಮೇಲೆ ಮೇಜಿನ ಹತ್ತಿರ ಹೋಗಿ ಮೌಸಿಗೆ ಕೈ ಚಾಚಿದ.

"ಪ್ರವೀಣಣ್ಣ, ನನ್ನದನ್ನು ತೆಗಿ. ಮುಚ್ಚಿಯೇ ಕೂರುತ್ತೇನೆ."

ಹರ್ಷಿಣಿ, ತಪ್ಪು ನನ್ನದು ಎನ್ನಲು ಎದ್ದು ನಿಂತಳು. ಅಷ್ಟರಲ್ಲಿ ನಳಿನಾಕ್ಷಿ ಹೇಳಿದಳು.

"ಅದು ಇಲ್ಲ. ನಾನು ಮುಚ್ಚಿದೆ."

"ಯಾವಾಗ?"

"ನೀವು ಎಲ್ಲಿದ್ದೀರಿ ಅಂತ ಗೊತ್ತಿಲ್ಲದಿದ್ದಾಗ. ಮುಚ್ಚದಿದ್ದರೆ ಗೊತ್ತೂ ಆಗುತ್ತಿರಲಿಲ್ಲ."

ಕಿಟ್ಟ ಖಾಲಿ ತೆರೆಯನ್ನು ನೋಡುತ್ತಾ ನಿಂತ. ಅವನ ಬಟ್ಟೆಯಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. "ಹುಡುಗರು ತುಂಬ ಹೆದರಿದ್ದರು," ಎಂದ. "ನಾನು ಹೇಳುತ್ತಾ ಇದ್ದೆ, ಕಚೇರಿಯಲ್ಲಿ ನಮ್ಮ ವಿಂಡೋ ತೆರೆದು ಉಂಟು, ಅದು ತೆರೆದಿರುವಷ್ಟು ಹೊತ್ತು ನಮಗೆ ಏನೂ ಆಗುವುದಿಲ್ಲ ಅಂತ. ಅದನ್ನೇ ಹೇಳಿ ಹೇಳಿ ನೀರು ಹೊರಗೆ ಹಾಕಿಸಿದ್ದು."

ಅವನು ಬಂದು ಹೆಂಡತಿಯ ಪಕ್ಕ ಕೂತ.

"ಕೈ ನಡುಗಲಿಲ್ಲವಾ ನಿನಗೆ?"

"ನಡುಗಿತು," ಎಂದಳು ನಳಿನಾಕ್ಷಿ. ಅಷ್ಟು ಹೊತ್ತು ತಡೆದದ್ದು ಆಗ ಒಡೆಯಿತು. ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಕಿಟ್ಟ ಅವಳ ಬೆನ್ನ ಮೇಲೆ ಕೈಯಿಟ್ಟ. "ಒಳ್ಳೆಯದಾಯಿತು ಮಾರಾಯ್ತಿ," ಎಂದ, "ನೀನು ಮುಚ್ಚಿದ್ದು ಅಲ್ಲಿ ನಮಗೆ ಗೊತ್ತಾಗಲಿಲ್ಲ."